ತಂಬ್ರಹಳ್ಳಿಯ ಗಿರಣಿ

ಹನ್ನೊಂದು ವರ್ಷ, ವಾರಕ್ಕೊಮ್ಮೆ, ಜೋಳದ ಡಬ್ಬಿಯನ್ನು ಸ್ಕೂಟರಿಗೆ ಕಟ್ಟಿಕೊಂಡು ತಂಬ್ರಹಳ್ಳಿಯ ಗಿರಣಿಗೆ ಹೋಗಿದ್ದೇನೆ. ನಮ್ಮೂರಲ್ಲೇ ಗಿರಣಿ ಇದೆ, ಮನೆಯಿಂದ ಕೂಗಳತೆಯಲ್ಲಿ. ಆದರೆ ಅಣ್ಣನ ಕೊಲೆಯಾದದ್ದು ಅದರ ಹಿಂದೆ. ಹೊಲದ ಬದುವಿನ ಜಗಳಕ್ಕೆ ಕೊಡಲಿ ಎತ್ತಿದವನ ಮನೆಯೂ ಅದರ ಪಕ್ಕದಲ್ಲೇ. ಅಂದಿನಿಂದ ಅವ್ವ ಆ ಕಡೆ ಕಾಲಿಟ್ಟಿರಲಿಲ್ಲ. ಸಿಟ್ಟು ಎಂದುಕೊಂಡಿದ್ದೆ. ಸಿಟ್ಟು ಅವಳದು, ಡಬ್ಬಿ ಹೊರುವುದು ನಾನು! ಹಗರಿಬೊಮ್ಮನಹಳ್ಳಿಯ ಕಚೇರಿಯಲ್ಲಿ ದಿನವಿಡೀ ಫೈಲು ನೋಡಿ, ಸುಸ್ತಾಗಿ ಬಂದವಳಿಗೆ ಆ ಡಬ್ಬಿ ಕಂಡರೆ ಮೈ ಉರಿಯುತ್ತಿತ್ತು.

ಅಣ್ಣನನ್ನು ಕೊಂದವನನ್ನು ಜೈಲಿನಿಂದ ಪೆರೋಲ್ ಮೇಲೆ ಬಿಡಲು ತಕರಾರಿದೆಯೇ ಎಂದು ಪೊಲೀಸರು ಕೇಳಲು ಬಂದಾಗಲೆಲ್ಲ ಅವ್ವ "ಐತಿ" ಎನ್ನುತ್ತಿದ್ದಳು. ಹೋದ ವರ್ಷ ಮಾತ್ರ, "ಬರ್ಲಿ ಬಿಡ್ರಿ. ಅವನ್ನ ಒಂದು ಮಾತು ಕೇಳೋದೈತಿ" ಎಂದಳು. ನಾನು ಜಗಳಾಡಿದೆ, ಎರಡು ದಿನ ಮಾತು ಬಿಟ್ಟೆ. ಅವಳು ಜಗ್ಗಲಿಲ್ಲ.

ಊರ ಹಿರಿಯರೊಬ್ಬರ ಜೊತೆ ಅವನು ಬಂದ. ತಲೆ ಬೆಳ್ಳಗಾಗಿತ್ತು. ಅಂಗಳದಲ್ಲಿ ನಿಂತೇ ಇದ್ದ. ಕೂರು ಎಂದು ಯಾರೂ ಹೇಳಲಿಲ್ಲ.

ಅವ್ವ ಕೇಳಿದಳು: "ಅವತ್ತು ನಾನು ಗಿರಣ್ಯಾಗ ಇದ್ದೆ. ಜೋಳ ಬೀಸಾಕ ಹಾಕಿದ್ದೆ. ಆ ಸಪ್ಪಳದಾಗ ನನಗ ಏನೂ ಕೇಳಲಿಲ್ಲ. ಖರೇ ಹೇಳು, ನನ್ನ ಮಗ ನನ್ನ ಕೂಗಿದ್ನಾ?"

ಅವಳು ಗಿರಣಿಗೆ ಹೋಗದಿದ್ದದ್ದು ಇದಕ್ಕೆ. ಒಂದೇ ಮನೆಯಲ್ಲಿ ಉಂಡು ಮಲಗಿದರೂ ನನಗೆ ಗೊತ್ತಾಗಿರಲಿಲ್ಲ.

ಅವನು ನೆಲ ನೋಡುತ್ತ ಹೇಳಿದ: "ಇಲ್ಲ ದೊಡ್ಡವ್ವ. ಒಂದೇ ಏಟಿಗೆ ಹೋಗಿಬಿಟ್ಟ. ಕೂಗಾಕ ಉಸಿರಿರಲಿಲ್ಲ."

ಅವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಆಮೇಲೆ, "ನಿನ್ನ ಮಾಫ್ ಮಾಡಿಲ್ಲ ನಾನು. ಹೋಗಿನ್ನ" ಎಂದಳು.

ಏಟು ಒಂದಲ್ಲ, ಮೂರು. ಮೊದಲೆರಡು ಬಿದ್ದದ್ದು ಅಣ್ಣ ಅಡ್ಡ ಹಿಡಿದ ಕೈಗಳ ಮೇಲೆ. ಕೋರ್ಟಿನಲ್ಲಿ ಡಾಕ್ಟರು ಅದನ್ನು ಹೇಳಿದ ದಿನ ಅವ್ವ ಬಂದಿರಲಿಲ್ಲ. ನಾನಿದ್ದೆ, ಕಟಕಟೆಯಲ್ಲಿ ಅವನಿದ್ದ. ಈಗ ನಮ್ಮ ಅಂಗಳದಿಂದ ಹೊರಡುವಾಗ ಅವನು ನನ್ನ ಮುಖ ನೋಡಿದ. ಸುಳ್ಳು ಎಂದು ಕೂಗಬಹುದಿತ್ತು. ಕೂಗಲಿಲ್ಲ. ಅವನನ್ನು ಈಗಲೂ ದ್ವೇಷಿಸುತ್ತೇನೆ. ಆದರೂ ಆ ಸುಳ್ಳನ್ನು ಕಾಯುತ್ತಿರುವವರು ನಾವಿಬ್ಬರೇ.

ಮರುದಿನ ಅವ್ವ ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡು ನಮ್ಮೂರ ಗಿರಣಿಗೇ ಹೋಗಿ ಬಂದಳು. ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತಿತ್ತು.

"ಇನ್ನ ನಿನಗ ಆರಾಮಾತು ನೋಡವ್ವ" ಎಂದಳು.

ಹೂಂ ಎಂದೆ.