ಚಪ್ಪಡಿ ಕೆಳಗಿನ ವೈರು

ಸತ್ತವರು ಕನಸಿಗೆ ಬಂದು ಮಾತಾಡಿಸಿದರು ಅನ್ನುವವರನ್ನು ನಾನು ಯಾವತ್ತೂ ನಂಬಿದವಳಲ್ಲ. ಹೊಟ್ಟೆ ಬಿರಿಯ ಉಂಡು ಮಲಗಿದರೆ ಯಾರು ಬೇಕಾದರೂ ಬರುತ್ತಾರೆ ಎಂದು ಮುಖಕ್ಕೇ ಹೇಳಿಬಿಡುತ್ತಿದ್ದೆ. ನಾಲ್ಕು ವರ್ಷದ ಹಿಂದೆ ನಮ್ಮ ಮನೆಯಲ್ಲಿ ನಡೆದದ್ದನ್ನು ಓದಿ ನೀವೂ ಹಾಗೇ ಅಂದರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ನಮ್ಮದು ಮೊಳಕಾಲ್ಮೂರು, ರೇಷ್ಮೆ ಸೀರೆ ನೇಯುವ ಮನೆ. ನನ್ನ ಅತ್ತೆ ನೇಯುತ್ತಿದ್ದದ್ದು ಕುಣಿಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರುವ ಮಗ್ಗ. ಅವಳು ಹೋದ ಮೇಲೆ ಆ ಗುಂಡಿಗೆ ಮಣ್ಣು ತುಂಬಿ ಮೇಲೊಂದು ಕಲ್ಲು ಚಪ್ಪಡಿ ಹಾಕಿಸಿದೆವು. ಮುಂದೆ ನೇಕಾರರ ಸಂಘದವರು ಅದೇ ಕೋಣೆಯಲ್ಲಿ ಒಂದು ಕಂಪ್ಯೂಟರ್ ಪೆಟ್ಟಿಗೆ ಇಟ್ಟರು. ಅದಕ್ಕೆ ಸರ್ವರ್ ಅನ್ನುತ್ತಾರೆ. ಊರಿನ ಸೀರೆಗಳ ಅಂಚು, ಸೆರಗಿನ ಡಿಸೈನುಗಳೆಲ್ಲ ಅದರ ಹೊಟ್ಟೆಯಲ್ಲಿ. ಕೇಳಿದ ಮನೆಗೆ ಕೇಳಿದ್ದನ್ನು ಕಳಿಸುವುದು ನನ್ನ ಸೊಸೆ ಮಂಜುಳನ ಕೆಲಸ. ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಸುತ್ತಿ ಬೆನ್ನು ಬಾಗಿಸಿಕೊಂಡಿದ್ದವಳಿಗೆ ಕೊನೆಗೂ ಒಂದು ಕುರ್ಚಿ ಸಿಕ್ಕಿತ್ತು.

ಬೀದಿ ಬಾಗಿಲ ಹತ್ತಿರ ಇಂಟರ್ನೆಟ್ ಡಬ್ಬಿ, ಒಳಕೋಣೆಯಲ್ಲಿ ಸರ್ವರು. ಎರಡಕ್ಕೂ ನಡುವೆ ಒಂದು ವೈರು. ಕಾಲಿಗೆ ತೊಡರಬಾರದೆಂದು ಚಪ್ಪಡಿ ಎತ್ತಿ ಅದರ ಕೆಳಗೇ ಹಾಯಿಸಿದ್ದರು.

ಆ ವಾರ ಏನಾಯಿತೋ, ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತಿದ್ದ ಡಿಸೈನು ಒಂದು ಪಾವು ಅಕ್ಕಿ ಬೇಯುವಷ್ಟು ಹೊತ್ತಾದರೂ ಹೋಗುತ್ತಿರಲಿಲ್ಲ. ಮಂಜುಳ ಪೆಟ್ಟಿಗೆ ಆರಿಸಿ ಹಾಕಿದಳು. ಲೈನಿನವರಿಗೆ ಫೋನು ಮಾಡಿದಳು. "ನಮ್ ಕಡೆ ಎಲ್ಲಾ ಸರಿ ಐತ್ರಿ" ಅಂದರು. ಬಾಗಿಲ ಡಬ್ಬಿಯ ಪಕ್ಕ ನಿಂತು ಮೊಬೈಲಲ್ಲಿ ನೋಡಿದರೆ ಕುದುರೆ ಓಡಿದಂತೆ ಓಡುತ್ತಿತ್ತು. ಅಂದರೆ ಹೊರಗಿನದು ನೆಟ್ಟಗಿದೆ, ರೋಗ ಮನೆಯೊಳಗೇ. ಸರ್ವರಿನ ಪರದೆಯಲ್ಲಿ ವೇಗ ಸಾವಿರ ಇರಬೇಕಾದ ಕಡೆ ಹತ್ತು ಅಂತ ತೋರಿಸುತ್ತಿತ್ತು.

"ವೈರಿನೊಳಗೆ ಎಂಟು ಎಳೆ ಇರ್ತಾವ್ರಿ ಅತ್ತೆ, ಎರಡೆರಡು ಸೇರ್ಸಿ ಹೊಸೆದಿರ್ತಾರೆ. ಯಾವ್ದೋ ಕಡಿದಿರ್ಬೇಕು" ಅಂದಳು.

ಅವತ್ತು ಸಂಜೆ ಸಂಘದ ಅಧ್ಯಕ್ಷರು ಬಂದು ನಿಂತುಕೊಂಡೇ ಹೇಳಿದರು: "ನಾಳೆ ದೀಪ ಹಚ್ಚೋದ್ರೊಳಗೆ ಹೊಸ ಡಿಸೈನು ಎಲ್ಲಾ ಮನೆಗೂ ಮುಟ್ಬೇಕಮ್ಮ. ಇಲ್ಲಾಂದ್ರೆ ಪೆಟ್ಟಿಗೆ ಚಳ್ಳಕೆರೆಗೆ ಹೊತ್ಕೊಂಡು ಹೋಗ್ತೀವಿ." ಮಂಜುಳ ತಲೆಯಾಡಿಸಿದಳು. ರಾತ್ರಿ ಉಣ್ಣಲಿಲ್ಲ.

ಬೆಳಗ್ಗೆ ಅವಳು ಹೊಸ ವೈರು ತರಲು ಚಳ್ಳಕೆರೆ ಬಸ್ಸು ಹತ್ತಿದಳು. ನನ್ನ ಮಗ ತಿಪ್ಪೇಶಿ ಅಲ್ಲೇ ಎಣ್ಣೆ ಮಿಲ್ಲಿನಲ್ಲಿರುವವನು, ಅವನಿಗೇ ಹೇಳೆ ಅಂದೆ. "ಹೋದ್ಸಲ ವೈರು ತರ್ರಿ ಅಂದಿದ್ದಕ್ಕೆ ಬಟ್ಟೆ ಒಣಹಾಕೋ ತಂತಿ ತಂದಿದ್ರು ನಿಮ್ ಮಗ" ಅಂದು ಹೊರಟೇಬಿಟ್ಟಳು.

ಮಧ್ಯಾಹ್ನ ಬಿಸಿಲು ಬಲವಾಗಿತ್ತು. ಬಾಗಿಲ ಚಿಲಕ ಹಾಕಿ, ತಣ್ಣಗಿರುತ್ತದೆಂದು ಆ ಚಪ್ಪಡಿಯ ಮೇಲೇ ಸೆರಗು ಹಾಸಿಕೊಂಡು ಮಲಗಿದೆ. ಪೆಟ್ಟಿಗೆ ಗುಂಯ್ ಅನ್ನುತ್ತಿತ್ತು. ಕೇಳುತ್ತಾ ಕೇಳುತ್ತಾ ಅದು ಮಗ್ಗದ ಸದ್ದಾಯಿತು, ನನ್ನ ಬೆನ್ನಿನ ಕೆಳಗಿನಿಂದ. ಕಣ್ಣು ಬಿಟ್ಟೆನೋ ಮುಚ್ಚಿಯೇ ಇದ್ದೆನೋ, ಅತ್ತೆ ಗುಂಡಿಯಲ್ಲಿ ಕೂತಿದ್ದಳು. ಅವಳ ಮುಖ ನನ್ನ ಮುಖದ ಸಮಕ್ಕೇ ಇತ್ತು.

"ಏಮೇ, ತೆಗಿಂದಿ" ಅಂದಳು. ಅವಳ ತವರು ಗಡಿಯಾಚೆ. ಎಳೆ ಕಡಿದಾಗಲೆಲ್ಲ, ಕಡೀತು ಕಣೆ ಅನ್ನುವುದನ್ನು ತೆಲುಗಿನಲ್ಲೇ ಹೀಗೆ ಕೂಗುತ್ತಿದ್ದಳು.

"ಅದು ರೇಷ್ಮೆ ಅಲ್ಲ, ತಾಮ್ರ" ಅಂದೆ.

"ಎಳೆ ಎಳೇನೇ ಕಣೆ ಕತ್ತೆ. ಬೂದಿ ತಾ."

ಮಗ್ಗದಲ್ಲಿ ಮುಗಿದ ಹಾಸಿನ ಉದ್ದೆಳೆಗಳಿಗೆ ಹೊಸ ಹಾಸು ಸೇರಿಸುವಾಗ ನಮ್ಮಲ್ಲಿ ಹೆಂಗಸರು ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದೇ ಎಳೆ ಹೊಸೆದು ಕೂಡಿಸುತ್ತೇವೆ. ಇದಕ್ಕೆ ಕೆಚ್ಚುವುದು ಅನ್ನುತ್ತೇವೆ. ಅತ್ತೆ ಎಡಚಿ, ಅವಳ ಹೊಸೆತ ಎಡಕ್ಕೆ ತಿರುಗಿರುತ್ತಿತ್ತು. ಬದುಕಿರುವವರೆಗೂ ನನ್ನ ಕೆಲಸವನ್ನು ಎಮ್ಮೆ ಹಗ್ಗ ಹೊಸೆದಂಗೆ ಅಂತ ಆಡಿಕೊಂಡಳೇ ಹೊರತು ಒಂದು ದಿನ ಚೆನ್ನಾಗಿದೆ ಅನ್ನಲಿಲ್ಲ. ಬೂದಿ ಎಲ್ಲಿಂದ ತಂದೆನೋ, ಕೊಟ್ಟೆ. ಒಂದು, ಎರಡು ಎಂದು ಎಣಿಸುತ್ತಾ ಅವಳು ಕೆಚ್ಚತೊಡಗಿದಳು. ಎಂಟೇ ಎಳೆ, ಆದರೆ ಇಡೀ ಸೀರೆಯ ಹಾಸು ಕೆಚ್ಚುವಷ್ಟು ಹೊತ್ತು ಹಿಡಿಯಿತು.

ಎಚ್ಚರವಾದಾಗ ನನ್ನ ಬೆರಳ ತುದಿಗಳು ಬೆಳ್ಳಗಾಗಿದ್ದವು. ವಿಭೂತಿಯಲ್ಲ, ಸೌದೆ ಒಲೆಯ ಬೂದಿ. ನಮ್ಮ ಮನೆಯಲ್ಲಿ ಒಲೆ ಹೋಗಿ ಗ್ಯಾಸು ಬಂದು ಎಷ್ಟೋ ಕಾಲವಾಗಿತ್ತು.

ನಾಲ್ಕು ಗಂಟೆಗೆ ಮಂಜುಳ ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದಳು. ಪರದೆ ನೋಡಿ ಹಾಗೇ ನಿಂತಳು. ಸಾವಿರ ಅಂತ ತೋರಿಸುತ್ತಿತ್ತು.

"ಏನು ಮುಟ್ಟಿದ್ರಿ ಅತ್ತೆ?"

"ಏನೂ ಮುಟ್ಟಿಲ್ಲ. ಮಲಗಿದ್ದೆ. ಮೊದ್ಲು ಕಳಿಸು, ಆಮೇಲೆ ಕೇಳು."

ದೀಪ ಹಚ್ಚುವ ಮೊದಲೇ ಡಿಸೈನುಗಳೆಲ್ಲ ಮನೆಮನೆ ಸೇರಿದವು. ಪೆಟ್ಟಿಗೆ ನಮ್ಮಲ್ಲೇ ಉಳಿಯಿತು.

ಭಾನುವಾರ ತಿಪ್ಪೇಶಿ ಪಕ್ಕದ ಮನೆಯವನನ್ನು ಕರೆದುಕೊಂಡು ಹಾರೆ ಹಾಕಿ ಚಪ್ಪಡಿ ಎಬ್ಬಿಸಿದ. ಕೆಳಗೆ ಇಲಿ ಬಿಲ. ವೈರನ್ನು ಇಲಿ ಕಚ್ಚಿಹಾಕಿತ್ತು. ಎಂಟೂ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಲಾಗಿತ್ತು, ಸಂದಿನಲ್ಲಿ ಬೂದಿ. "ಅವ್ವಾ, ಇದು ನೀನು ಕೆಚ್ಚಿದ್ದಲ್ವಾ?" ಅಂದ. ಬೆಳಕಿಗೆ ಹಿಡಿದು ನೋಡಿದೆ. ಹೊಸೆತ ಎಡಕ್ಕೆ ತಿರುಗಿತ್ತು.

ವೈರು ಎಳೆದವರೇ ಆಗ ಕೂಡಿಸಿರಬೇಕು ಎಂದಳು ಮಂಜುಳ. ಇರಬಹುದು ಅಂದೆ. ಆದರೆ ಇಲಿ ಕಚ್ಚಿದ್ದು ಹೊಸದು, ಮತ್ತು ಆ ಕೆಲಸದವರು ಬೂದಿ ಮುಟ್ಟುವುದಿಲ್ಲ. ನಾನೇ ನಿದ್ದೆಗಣ್ಣಲ್ಲಿ ಮಾಡಿದೆ ಅನ್ನೋಣವೆಂದರೆ, ಇಬ್ಬರು ಗಂಡಸರು ಹಾರೆ ಹಾಕಿ ಎಬ್ಬಿಸಿದ ಕಲ್ಲಿನ ಮೇಲೆ ನಾನು ಮಲಗಿದ್ದೆ.

ಚಳ್ಳಕೆರೆಯ ಹೊಸ ವೈರು ಈಗಲೂ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಅದರ ತುದಿಯ ಒಂದು ಚೂರು ಕತ್ತರಿಸಿ, ಯಾರೂ ಇಲ್ಲದಾಗ ಎಡಗೈಯಲ್ಲಿ ಹೊಸೆದು ನೋಡುತ್ತೇನೆ. ಎಳೆದರೆ ಬಿಚ್ಚಿಕೊಳ್ಳುತ್ತದೆ. ಚಪ್ಪಡಿಯ ಕೆಳಗೆ ಹಾಗೇ ಬಿಟ್ಟದ್ದು ಇನ್ನೂ ಬಿಚ್ಚಿಕೊಂಡಿಲ್ಲ.