ಮೊಂಬಾಸಾದ ನಾಲಗೆ

ಪುಂಜಾಲಕಟ್ಟೆಯ ಮುಂಡಪ್ಪ ಬೊಂಬಾಯಿಯಲ್ಲಿ ಹಡಗು ಹತ್ತಿ ಜಾಂಜಿಬಾರಿಗೆ ಹೋದದ್ದು ೧೯೫೧ರಲ್ಲಿ, ಹೊಲಿಗೆ ಕೆಲಸಕ್ಕೆ. ಆಫ್ರಿಕಾದ ಕರಾವಳಿಯ ಆ ದ್ವೀಪದಲ್ಲಿ ಎಲ್ಲರ ಬಾಯಲ್ಲೂ ಸ್ವಾಹಿಲಿ. ಅವನಿಗೆ ತುಳು, ಶಾಲೆಯಲ್ಲಿ ಕಲಿತ ಕನ್ನಡ, ಇಷ್ಟೇ ಗೊತ್ತು. ಅಂಗಡಿಯಲ್ಲಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದ ರೆಹೆಮಾ ಎಂಬ ಮುದುಕಿಯೇ ಅವನಿಗೆ ಒಂದೊಂದು ಮಾತು ಹೇಳಿಕೊಟ್ಟಳು.

ರೆಹೆಮಾ ಮೊಂಬಾಸಾದವಳು. ಊರವರು ‘ಬಾ’ ಅನ್ನಲು ‘ನ್ಜೋ’ ಅಂದರೆ ಅವಳು ‘ನ್ದೋ’ ಅನ್ನುವಳು. ಸ್ವಾಹಿಲಿಯಲ್ಲಿ ಬಾಲ್ದಿಗೆ ‘ನ್ಡೋ’ ಅನ್ನುವುದರಿಂದ ಅಲ್ಲಿಯವರ ಕಿವಿಗೆ ಅದು ಬಾಲ್ದಿ ಎಂದಂತೆ ಕೇಳುತ್ತಿತ್ತು. ಅವಳು ಕರೆದಾಗಲೆಲ್ಲ ಅಂಗಡಿಯ ಹುಡುಗರು ಬಾಲ್ದಿ ತಂದು ಮುಂದಿಟ್ಟು ನಗುತ್ತಿದ್ದರು.

ಮುಂಡಪ್ಪ ಮಾತ್ರ ನಗಲಿಲ್ಲ. “ನೀವು ಹೇಳುವುದು ಬೇರೆ, ಬಾಲ್ದಿ ಬೇರೆ. ನಿಮ್ಮ ನಾಲಗೆ ಹಲ್ಲಿಗೆ ತಾಗ್ತದೆ. ಬಾಲ್ದಿಗೆ ಮೇಲೆ ಹೋಗ್ತದೆ,” ಎಂದ. ದಕಾರ ಡಕಾರ ಬೇರೆ ಮಾಡಿ ಕೇಳುವುದು ತುಳುವನ ಕಿವಿಗೆ ಏನು ಕಷ್ಟ?

ರೆಹೆಮಾ ಸೂಜಿ ಕೆಳಗಿಟ್ಟಳು. “ಈ ಊರಿಗೆ ಬಂದ ಮೇಲೆ ನನ್ನ ಮಾತು ಕೇಳಿಸಿಕೊಂಡವನು ನೀನೊಬ್ಬನೇ ಮಗಾ,” ಎಂದಳು. ‘ತಲೆಗೆ ನಮ್ಮ ತುಳುವಿನಲ್ಲೂ ಒಬ್ಬರು ತರೆ ಅಂತಾರೆ, ಇನ್ನೊಬ್ಬರು ಸರೆ ಅಂತಾರೆ’ ಎಂದು ಅವನು ಹೇಳಿದಾಗ ಅವಳಿಗೆ ಎಲ್ಲಿಲ್ಲದ ಖುಷಿ.

೧೯೬೪ರ ಜನವರಿಯಲ್ಲಿ ದೊಂಬಿ ಎದ್ದಿತು; ಅರಬರನ್ನೂ ಇಂಡಿಯಾದವರನ್ನೂ ಹುಡುಕಿ ಹೊಡೆಯುತ್ತಿದ್ದರು. ಮುಂಡಪ್ಪ ಅಂಗಡಿಯ ಹಿಂಕೋಣೆಯಲ್ಲಿ ಬಟ್ಟೆಯ ಥಾನುಗಳ ನಡುವೆ ಅಡಗಿ ಕುಳಿತ. ಹೊರಗೆ ಬಾಗಿಲು ಬಡಿದು ‘ನ್ಜೋ, ನ್ಜೋ’ ಎಂದು ಕೂಗುತ್ತಿದ್ದರು. ಅವನು ಉಸಿರೆತ್ತಲಿಲ್ಲ. ಗದ್ದಲ ದೂರವಾದ ಮೇಲೆ ಒಂದು ಒಡಕು ದನಿ ಮೆಲ್ಲಗೆ ಕರೆಯಿತು: “ನ್ದೋ, ಮುಂಡಪಾ.”

ಅವನು ಬಾಗಿಲು ತೆರೆದ. ರೆಹೆಮಾ ತನ್ನ ಗಂಡನ ಹಳೇ ನಿಲುವಂಗಿ ತೊಡಿಸಿ, ಗಲ್ಲಿಗಳಲ್ಲಿ ನಡೆಸಿ, ಮೊಂಬಾಸಾಕ್ಕೆ ಹೊರಟಿದ್ದ ದೋಣಿಗೆ ಹತ್ತಿಸಿದಳು.

“ನೀವೂ ಬನ್ನಿ,” ಎಂದು ಅವನು ಕೈ ಹಿಡಿದ.

“ಮಗಳು ಮನೆಯಲ್ಲಿದ್ದಾಳೆ. ಕರೆದುಕೊಂಡು ಬರುತ್ತೇನೆ.”

ದೋಣಿ ಕಾಯಲಿಲ್ಲ. ದಡದಲ್ಲಿ ಗುಂಡಿನ ಸದ್ದು ಕೇಳಿತು. ಮೊಂಬಾಸಾದಲ್ಲಿ ಅವನು ಬಂದ ಬಂದ ದೋಣಿಯವರನ್ನೆಲ್ಲ ವಿಚಾರಿಸಿದ. ಯಾರಿಗೂ ಗೊತ್ತಿರಲಿಲ್ಲ.

ಊರಿಗೆ ಮರಳಿ ಹೊಲಿಗೆ ಮೆಷಿನ್ ಇಟ್ಟ. ಪುತ್ತಿಗೆಯ ಜಲಜಾಕ್ಷಿಯನ್ನು ಮದುವೆಯಾದ. ನಡು ಮಧ್ಯಾಹ್ನ, ರಸ್ತೆ ಖಾಲಿಯಾದ ಹೊತ್ತಿಗೆ, ಅದೇ ಕರೆ ಕೇಳುತ್ತಿತ್ತು. ಎದ್ದು ಹೊರಗೆ ಹೋಗಿ ನೋಡಿ ಮುಖ ಬಿಳಿಚಿಕೊಂಡು ಬರುತ್ತಿದ್ದ. ಕಡಲಾಚೆಯಿಂದ ಏನೋ ಬೆನ್ನು ಹತ್ತಿ ಬಂದಿದೆ ಎಂದು ತಾಯಿ ಪೂವಮ್ಮ ಹೆದರಿದಳು. “ಬಲ್ಲವರನ್ನು ಕೇಳುವ ಮಗಾ, ಬಿಡಿಸುವ,” ಎಂದಳು.

“ಬಿಡಿಸುದು ಬೇಡಮ್ಮ. ಅದು ಕರೆದದ್ದಕ್ಕೇ ನಾನು ಉಳಿದದ್ದು.”

ಆ ದಿನ ತಾಯಿಗೂ ಹೆಂಡತಿಗೂ ರೆಹೆಮಾಳ ಕಥೆ ಹೇಳಿದ. ಜಲಜಾಕ್ಷಿ ಒಂದೇ ಸಲಕ್ಕೆ ಸರಿಯಾಗಿ ‘ನ್ದೋ’ ಎಂದಳು. ಮರುದಿನದಿಂದ ಊಟಕ್ಕೆ ಹಾಗೇ ಕರೆದಳು. ಗಂಡನ ಹೆದರಿಕೆ ಹೋಗಲಿ ಎಂಬ ಆಸೆ ಅವಳದು. ಹೆದರಿಕೆಯ ಜೊತೆಗೆ ದನಿಯೂ ಹೋಯಿತು. ಕಿವಿಯಲ್ಲಿ ಈಗ ಹೆಂಡತಿಯ ಸ್ವರ ಮಾತ್ರ. ಮುಂಡಪ್ಪ ಊಟ ಬಿಟ್ಟ, ಸೊರಗಿದ.

“ಇನ್ನು ಹಾಗೆ ಕರೀಬೇಡ ಮಾರಾಯ್ತಿ,” ಎಂದ. ಅವಳು ನಿಲ್ಲಿಸಿದಳು. ದನಿ ಮಾತ್ರ ತಿರುಗಿ ಬರಲಿಲ್ಲ.

ಮಳೆಗಾಲದ ಆಟಿ ತಿಂಗಳ ಒಂದು ಮಧ್ಯಾಹ್ನ ಜಲಜಾಕ್ಷಿ ಬಾವಿಕಟ್ಟೆಯಿಂದ ಕೊಡ ಬಿಟ್ಟು ಓಡಿ ಬಂದಳು.

“ನನ್ನನ್ನು ಕರೆದ್ರು. ಅದೇ ಮಾತು.”

“ಯಾರು?”

“ಗೊತ್ತಿಲ್ಲ. ಮುದುಕಿಯ ಸ್ವರ. ಒಡಕು ಒಡಕಾಗಿ ಉಂಟು.”

ದನಿ ಒಡಕಾಗಿತ್ತೆಂದು ಮಾತ್ರ ಅವನು ಯಾರಿಗೂ ಹೇಳಿರಲಿಲ್ಲ. ಅಲ್ಲೇ ಕುಳಿತು ಮಕ್ಕಳಂತೆ ಅತ್ತ. ಆ ಕರೆ ತನ್ನ ಕಿವಿಯ ನೆನಪಷ್ಟೇ, ಅವಳು ಎಲ್ಲೋ ಬದುಕಿದ್ದಾಳೆ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದ.

ಆ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಬಡಿಸುವಾಗ ಮುಂಡಪ್ಪ ಇನ್ನೊಂದು ಎಲೆ ಹಾಕಿದ. “ನಮ್ಮವರ ಸಾಲಿನಲ್ಲಿ ಹಾಕ್ಬಹುದಾ ಅಮ್ಮ?” ಎಂದು ಕೇಳಿದ.

ಪೂವಮ್ಮ ಎಲೆಗೆ ನೀರು ಚಿಮುಕಿಸಿದಳು. “ನನ್ನ ಮಗನನ್ನು ಮನೆಗೆ ಕಳಿಸಿದವಳಲ್ವಾ? ಅವಳಿಗೆ ಮೊದಲು ಬಡಿಸು,” ಎಂದಳು.