ಮೂರೂವರೆ ಮೊಳ

ಕಡೂರಿನ ಸಂತೆ ಮೈದಾನದ ಹಿಂದೆ ಕಲ್ಲಪ್ಪಾಚಾರಿಯ ಕೆಲಸದ ಕೊಟ್ಟಿಗೆ ಇತ್ತು. ಅವನು ಗಾಡಿ ಮಾಡುವ ಬಡಗಿ. ಅವನು ಕೂಡಿಸಿದ ಚಕ್ರ ಉರುಳದ ದಾರಿ ತರೀಕೆರೆಯವರೆಗೂ ಇಲ್ಲ ಅಂತ ಜನ ಹೇಳುತ್ತಿದ್ದರು. ಎದುರಿಗೆ ಹೊಗಳಿದರೆ ತಲೆ ತಗ್ಗಿಸಿ ಉಳಿ ಮಸೆಯಲು ಕೂತುಬಿಡುತ್ತಿದ್ದ.

ಅವನು ಹುಟ್ಟಿದ ಹದಿನಾಲ್ಕನೆಯ ದಿನಕ್ಕೆ ತಾಯಿ ತೀರಿಕೊಂಡಿದ್ದಳು. ತೆಂಗಿನ ತೋಟದ ಗೌಡರ ಮನೆಯ ಲಿಂಗಮ್ಮ ತನ್ನ ಮಗ ತಮ್ಮಯ್ಯನ ಜೊತೆಗೆ ಈ ಕೂಸಿಗೂ ಎದೆಹಾಲು ಕೊಟ್ಟು ಬೆಳೆಸಿದಳು. ಬಡಗಿಯ ಕೂಸನ್ನು ಮಡಿಲಿಗೆ ಹಾಕಿಕೊಂಡಳು ಅಂತ ಆಡಿಕೊಂಡವರಿಗೆ, "ಹಾಲಿಗೇನು ಗೊತ್ತು, ಯಾರ ಬಾಯಿ ಅಂತ?" ಅಂದಿದ್ದಳಂತೆ. ಐವತ್ತು ದಾಟಿದ ಮೇಲೂ ಕಲ್ಲಪ್ಪ ಅವಳನ್ನು ಅವ್ವ ಅಂತಲೇ ಕರೆಯುತ್ತಿದ್ದ.

ಸಾವಿರದ ಒಂಬೈನೂರ ಮೂವತ್ತರಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಳು. ಕೂರುವ ಹಾಗಿಲ್ಲ, ಕಾಲು ಮಡಿಸುವ ಹಾಗಿಲ್ಲ. ಅಂಗಾತ ಮಲಗಿದ್ದರೆ ಮಾತ್ರ ನೋವು ಸುಮ್ಮನಿರುತ್ತಿತ್ತು. ಮರುವರ್ಷ ಮಾಘದಲ್ಲಿ ಅಮೃತಾಪುರದಿಂದ ಸುದ್ದಿ ಬಂತು. ಅಲ್ಲಿ ಅವ್ವನ ಒಬ್ಬಳೇ ತಂಗಿ ಜಯಲಕ್ಷ್ಮಮ್ಮ ಹಾಸಿಗೆ ಹಿಡಿದಿದ್ದಾಳೆ, ಗಂಜಿ ಬಿಟ್ಟರೆ ಬೇರೇನೂ ಇಳಿಯುತ್ತಿಲ್ಲ, "ಅಕ್ಕನ ಕೈ ಒಂದ್ಸಲ ಹಿಡ್ಕೋಬೇಕು" ಅನ್ನುತ್ತಾಳೆ. ತಮ್ಮಯ್ಯ ಗಾಡಿಗೆ ಹುಲ್ಲು ಹಾಸಿ ಅವ್ವನನ್ನು ಮಲಗಿಸಿದ. ರೈಲ್ವೆ ಗೇಟು ದಾಟುವ ಮೊದಲೇ ಅವ್ವನ ಕೂಗು ಕೇಳಲಾರದೆ ಗಾಡಿ ತಿರುಗಿಸಿದ. ಅದು ಕಲ್ಲಪ್ಪ ಮಾಡಿಕೊಟ್ಟ ಗಾಡಿಯೇ.

ವಾರದೊಳಗೆ ತಮ್ಮಯ್ಯ ಒಂದು ಮೋಟಾರನ್ನು ಎತ್ತುಗಳಿಂದ ಎಳೆಸಿಕೊಂಡು ಕೊಟ್ಟಿಗೆಗೆ ಬಂದ. ಕೆಮ್ಮಣ್ಣುಗುಂಡಿ ಕೆಳಗಿನ ಕಾಫಿ ತೋಟದ ದೊರೆ ತನ್ನ ದೇಶಕ್ಕೆ ಹೋಗುವಾಗ ಮಾರಿದ್ದು. ಒಂದು ಕಾಲಕ್ಕೆ ಪಂದ್ಯದಲ್ಲಿ ಓಡಿದ್ದಂತೆ. ಎರಡೇ ಸೀಟು, ಉದ್ದ ಮೂತಿ, ದೋಣಿಯ ತುದಿಯ ಹಾಗೆ ಚೂಪಾದ ಹಿಂಭಾಗ. ಇಂಜಿನ್ನು ಗಟ್ಟಿಯಾಗಿತ್ತು. ಮೈ ಮಾತ್ರ ಮುಗಿದಿತ್ತು. ತಗಡಿನ ಅಡಿಯ ಮರವನ್ನೆಲ್ಲ ಗೆದ್ದಲು ತಿಂದು, ಬೆರಳಿಟ್ಟರೆ ಪುಡಿ ಉದುರುತ್ತಿತ್ತು.

"ಲೇ ಕಲ್ಲ, ಇದಕ್ಕೆ ಹೊಸ ಮೈ ಕಟ್ಟು. ಒಂದು ಸೀಟು ನಂಗೆ. ಇನ್ನೊಂದು ಸೀಟು ಕಿತ್ತಾಕಿ, ಅವ್ವ ಮಲಗೋ ಹಂಗೆ ಮಾಡು."

ದಾರಿಯಲ್ಲಿ ಹೋಗುತ್ತಿದ್ದ ಬೀರಪ್ಪ ನಿಂತು ನೋಡಿದ. "ಏನಪ್ಪಾ ಆಚಾರಿ, ನೊಗ ಎಲ್ಲಿ ಕಟ್ತೀಯ ಇದಕ್ಕೆ?"

"ನಿನ್ನ ಕುತ್ತಿಗೆಗೆ ಕಣೋ, ಬಾ," ಅಂದ ಕಲ್ಲಪ್ಪ. ಆದರೆ ಅವನ ಕಣ್ಣು ಆಗಲೇ ಮೋಟಾರಿನ ಅಸ್ಥಿಪಂಜರದ ಮೇಲಿತ್ತು. ಮುಂದೆ ಇಂಜಿನ್ನಿನ ಕಬ್ಬಿಣದ ಗೋಡೆ, ಹಿಂದೆ ಪೆಟ್ರೋಲ್ ಟ್ಯಾಂಕು. ಅವ್ವ ಇವೆರಡರ ನಡುವೆ ಹಿಡಿಸಬೇಕು.

ಅಳತೆಗೆ ಹೋದಾಗ ಅವ್ವ ಮಂಚದ ಮೇಲೆ ನೆಟ್ಟಗೆ ಮಲಗಿ ಕಾಯುತ್ತಿದ್ದಳು. "ಹಿಡಿಯೋ ನಿನ್ನ ಕೋಲು. ಮೋಟಾರಲ್ಲಿ ಮಲಗಿಸ್ತೀರೋ, ಕೊಬ್ಬರಿ ಮೂಟೆ ಥರ ತುರುಕ್ತೀರೋ, ನೋಡೇಬಿಡ್ತೀನಿ."

ಕಲ್ಲಪ್ಪ ಕೋಲು ಹಿಡಿದು ನಿಂತೇ ಇದ್ದ. ಮಲಗಿದವರನ್ನು ತಲೆಯಿಂದ ಕಾಲಿನವರೆಗೆ ಅಳೆಯುವುದು ಉಸಿರು ನಿಂತ ಮೇಲೆ ಮಾತ್ರ, ಅದು ಚಟ್ಟದ ಅಳತೆ, ಜೀವ ಇರುವವರ ಮೇಲೆ ಆ ಕೋಲು ಇಡಬೇಡ ಅಂತ ಅವನ ಅಪ್ಪ ಹೇಳಿಕೊಟ್ಟಿದ್ದ. ಬೇರೆ ಯಾರಾದರೂ ಆಗಿದ್ದರೆ ಇಡುತ್ತಿದ್ದನೋ ಏನೋ. ಅವ್ವನ ಮೇಲೆ ಇಡಲು ಅವನ ಕೈ ಬರಲಿಲ್ಲ.

ಅವನಿಗೆ ಇನ್ನೊಂದು ದಾರಿ ಗೊತ್ತಿತ್ತು. ಯಾರ ಮೈಯಾದರೂ ಅವರವರ ಕೈಯಲ್ಲಿ ಮೂರೂವರೆ ಮೊಳ. ಅವ್ವನ ಕೈ ಎತ್ತಿ, ಮೊಣಕೈಯಿಂದ ನಡುಬೆರಳಿನ ತುದಿಗೆ ದಾರ ಹಿಡಿದ. ವಾತದಿಂದ ಬೆರಳುಗಳು ಎಷ್ಟೋ ವರ್ಷದಿಂದ ಮುದುರಿಕೊಂಡಿದ್ದವು. ಬಿಡಿಸಿದರೆ ನೋವಾದೀತು ಅಂತ ಹಾಗೇ ಅಳೆದು ಗಂಟು ಹಾಕಿಕೊಂಡ.

ಇಪ್ಪತ್ತೆರಡು ದಿನ ಅವನು ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ತಗಡನ್ನು ಹಾಳೆಹಾಳೆಯಾಗಿ ಬಿಚ್ಚಿದ. ಗೆದ್ದಲು ತಿಂದ ಒಂದೊಂದು ತುಂಡನ್ನೂ ನೆಲದ ಮೇಲೆ ಜೋಡಿಸಿ, ಅದರ ಬಾಗು ನೋಡಿಕೊಂಡು ಹೊನ್ನೆ ಮರದಲ್ಲಿ ಹೊಸದು ಕೆತ್ತಿದ. ತಗಡಿನ ಕೆಲಸ ಅವನಿಗೆ ಹೊಸದು. ಮರಳು ತುಂಬಿದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿದರೆ ತಗ್ಗು ತಾನಾಗಿ ಏಳುತ್ತದೆ ಅನ್ನುವುದನ್ನು ಎರಡು ಹಾಳೆ ಕೆಡಿಸಿ ಕಲಿತ. ಆಮೇಲೆ ಅವ್ವನ ಜಾಗ, ಗಂಟು ಹಾಕಿದ ದಾರದ ಮೂರೂವರೆ ಪಟ್ಟು ಉದ್ದಕ್ಕೆ. ಹಲಗೆಯನ್ನು ನೆಲಕ್ಕೆ ಕೂರಿಸದೆ, ನಾಲ್ಕು ಮೂಲೆಗೆ ತೊಗಲಿನ ಪಟ್ಟಿ ಕಟ್ಟಿ ತೊಟ್ಟಿಲಿನಂತೆ ತೂಗುಬಿಟ್ಟ. ಮೇಲೆ ತೆಂಗಿನ ನಾರಿನ ಹಾಸು. ತಾನೇ ಅದರ ಮೇಲೆ ಕಾಲು ಮಡಿಸಿಕೊಂಡು ಮಲಗಿ, ತಮ್ಮಯ್ಯನಿಗೆ ಸಂತೆ ಮೈದಾನದ ಗುಂಡಿಗಳ ಮೇಲೆಲ್ಲ ಓಡಿಸಲು ಹೇಳಿದ. ಒಂದು ಕುಲುಕೂ ಬೆನ್ನಿಗೆ ತಾಗಲಿಲ್ಲ. ಅವತ್ತು ಅವನು ಹೆಂಡತಿ ಕಲ್ಲಮ್ಮನ ಮುಂದೆ ಮೊದಲ ಸಲ ತನ್ನ ಕೆಲಸ ತಾನೇ ಹೊಗಳಿಕೊಂಡ.

ಹೊರಡುವ ಬೆಳಿಗ್ಗೆ ನಾಲ್ಕು ಜನ ಅವ್ವನನ್ನು ಜಮಖಾನದ ಸಮೇತ ಎತ್ತಿ ತಂದರು. ತಲೆ ಟ್ಯಾಂಕಿಗೆ ತಾಗಿತು. ಪಾದ ಆ ಕಡೆ ಕಬ್ಬಿಣದ ಗೋಡೆಗೆ ಒತ್ತಿತು, ಸೊಂಟ ಇನ್ನೂ ಹಲಗೆಗೆ ಕೂತಿರಲಿಲ್ಲ. ಯಾರೋ ಮೊಣಕಾಲು ಸ್ವಲ್ಪ ಮಡಿಸಲು ಹೋದರು. ಅವ್ವ ಕಿರುಚಿದಳು.

ಏಳು ಅಂಗುಲ ಕಡಿಮೆ ಬಿದ್ದಿತ್ತು. ಕಲ್ಲಪ್ಪನಿಗೆ ಅರ್ಥವಾಗಲಿಲ್ಲ. ಅವ್ವನ ಕೈ ಹಲಗೆಯ ಅಂಚನ್ನು ಹಿಡಿದಿತ್ತು. ಮುದುರಿದ ಆ ಬೆರಳುಗಳನ್ನು ನೋಡಿದಾಗ ಅರ್ಥವಾಯಿತು. ಬೆರಳು ನೆಟ್ಟಗಿದ್ದಿದ್ದರೆ ಮೊಳ ಎರಡು ಅಂಗುಲ ಉದ್ದವಾಗುತ್ತಿತ್ತು. ಆ ಎರಡು ಅಂಗುಲ ಮೂರೂವರೆ ಸಲ ಕಳೆದುಹೋಗಿತ್ತು.

"ಟ್ಯಾಂಕು ಹಿಂದಕ್ಕೆ ಸರಿಸ್ಬೇಕು," ಅಂದ. "ಹಿಂದಿನ ಚೌಕಟ್ಟೆಲ್ಲ ಬಿಚ್ಚಿ ಉದ್ದ ಮಾಡ್ಬೇಕು. ನಾಕು ದಿನ ಕೊಡು ತಮ್ಮಯ್ಯ."

ತಮ್ಮಯ್ಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಂಚಕ್ಕೆ ಮರಳಿದ ಅವ್ವ ಕಲ್ಲಪ್ಪನನ್ನು ಹತ್ತಿರ ಕರೆದಳು. "ನಿಮ್ಮಪ್ಪನ ಮಾತು ನಂಗೂ ಗೊತ್ತು ಕಣೋ. ಇವತ್ತು ಅಳತೆ ತಗೋ. ನಿನ್ನ ಭಯಕ್ಕೆ ನಾನು ಗಿಡ್ಡ ಆಗಕ್ಕಾಗಲ್ಲ."

ಕಲ್ಲಪ್ಪ ಕೋಲಿಟ್ಟು ಅಳೆದ, ತಲೆಯಿಂದ ಹಿಮ್ಮಡಿವರೆಗೆ. ಅಳೆಯುವಾಗ ಅವಳು ತಮಾಷೆಗೆ ಉಸಿರು ಬಿಗಿಹಿಡಿದು ಕಣ್ಣು ಮುಚ್ಚಿದಳು. ಅವನಿಗೆ ನಗು ಬರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅವನು ಹಿಂಭಾಗದ ಕೊನೆಯ ತಗಡಿಗೆ ಮೊಳೆ ಹೊಡೆಯುತ್ತಿದ್ದಾಗ ಅಮೃತಾಪುರದ ಆಳು ತೀರ್ಥಪ್ಪ ದಾರಿ ಕೇಳಿಕೊಂಡು ಬಂದು ನಿಂತ. ಜಯಲಕ್ಷ್ಮಮ್ಮ ಬೆಳಗಿನ ಜಾವ ಹೋದಳು ಅಂದ. ಕಲ್ಲಪ್ಪ ಗೌಡರ ಮನೆಯ ದಾರಿ ತೋರಿಸಿ, ಅರ್ಧ ಇಳಿದಿದ್ದ ಮೊಳೆಯನ್ನು ಪೂರ್ತಿ ಇಳಿಸಿದ. ಇನ್ನೂ ಆರು ಮೊಳೆ ಇದ್ದವು. ಅವನ್ನೂ ಹೊಡೆದ.

"ಆದ್ರೂ ಹೋಗ್ಬೇಕು," ಅಂದಳು ಅವ್ವ.

ಮಾರನೆಯ ದಿನ ಹೋದರು. ತಮ್ಮಯ್ಯ ಓಡಿಸಿದ, ಕಲ್ಲಪ್ಪ ಪಕ್ಕದ ಮೆಟ್ಟಿಲ ಮೇಲೆ ನಿಂತು, ಹಲಗೆ ಅತಿಯಾಗಿ ತೂಗದಂತೆ ಒಂದು ಕೈ ಹಿಡಿದಿದ್ದ. ತರೀಕೆರೆ ದಾಟುವ ಹೊತ್ತಿಗೆ ಅವ್ವನಿಗೆ ಸಣ್ಣ ನಿದ್ದೆ ಹತ್ತಿತ್ತು. ಅಮೃತಾಪುರದಲ್ಲಿ ಮಣ್ಣು ಮಾಡುವುದು ಆಗಲೇ ಮುಗಿದಿತ್ತು. ಮೋಟಾರನ್ನು ಹೊಲದ ಅಂಚಿಗೇ ಒಯ್ದು ನಿಲ್ಲಿಸಿದರು. ಹಸಿ ಮಣ್ಣಿನ ದಿಬ್ಬ ಅವ್ವನಿಗೆ ಮಲಗಿದಲ್ಲಿಂದ ಕಾಣುತ್ತಿರಲಿಲ್ಲ. ಕಲ್ಲಪ್ಪ ಒಂದು ಹಿಡಿ ಮಣ್ಣು ತಂದು ಅವಳ ಕೈಯಲ್ಲಿಟ್ಟ. ಬೆರಳುಗಳು ಅದನ್ನು ಹಿಡಿದುಕೊಂಡವು.

"ಕೇಳಿದ್ಲಾ ನನ್ನ?" ಅಂತ ಅವ್ವ ತಂಗಿಯ ಸೊಸೆಯನ್ನು ಕೇಳಿದಳು.

"ಮೋಟಾರಲ್ಲಿ ಬತ್ತೀರಿ ಅಂತ ಹೇಳಿದ್ವಲ್ಲ ದೊಡ್ಡಮ್ಮ. ಸದ್ದು ಕೇಳ್ಬೇಕು ಅಂತ ಮೂರು ದಿನ ಬಾಗಿಲು ಹಾಕಕ್ಕೆ ಬಿಡ್ಲಿಲ್ಲ."

ಅವ್ವ ಮಣ್ಣು ಹಿಡಿದ ಕೈಯನ್ನು ಎದೆಯ ಮೇಲಿಟ್ಟುಕೊಂಡಳು. ಆಮೇಲೆ ಕಲ್ಲಪ್ಪನ ಕಡೆ ತಿರುಗಿ, ಚಿಕ್ಕಂದಿನಲ್ಲಿ ಅವನು ಅತ್ತಾಗ ಮಾತಾಡಿಸುತ್ತಿದ್ದ ದನಿಯಲ್ಲಿ ಹೇಳಿದಳು: "ಚೆನ್ನಾಗಿ ಮಾಡಿದೀಯ ಕಣೋ. ದಾರಿ ಉದ್ದಕ್ಕೂ ಒಂಚೂರೂ ನೋವಾಗ್ಲಿಲ್ಲ."

ಕಲ್ಲಪ್ಪ ಮೋಟಾರಿನ ಹಿಂದಕ್ಕೆ ಹೋಗಿ, ತಗಡಿಗೆ ಹಣೆ ಒತ್ತಿ ನಿಂತ. ಬಿಸಿಲಿಗೆ ಅದು ಸುಡುತ್ತಿತ್ತು.